ತೆಳುವಾಗದ ರಕ್ತ

ಆ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಯಾರೂ ಯಾರನ್ನೂ ನಂಬುತ್ತಿರಲಿಲ್ಲ. ಬಿಜಾಪುರದ ಡಾಕ್ಟರು ನನ್ನ ಗಂಡನನ್ನು ನಂಬಲಿಲ್ಲ, ಗಂಡ ನನ್ನನ್ನು ನಂಬಲಿಲ್ಲ, ನಾನು ಗಂಡನನ್ನು ನಂಬಲಿಲ್ಲ. ಇನ್ನು ಗಂಡನ ಅಕ್ಕ ರೇಣವ್ವನಂತೂ ನಾನು ಹೊಸ್ತಿಲ ಮೇಲಿನ ಸೇರು ಒದ್ದು ಒಳಗೆ ಬಂದ ದಿನದಿಂದಲೂ ನನ್ನನ್ನು ನಂಬಿದವಳಲ್ಲ. ಇಷ್ಟಕ್ಕೆಲ್ಲ ಕಾರಣ ನಮ್ಮವರ ರಕ್ತ. ಅದು ತೆಳುವಾಗಬೇಕಿತ್ತು, ಆಗುತ್ತಿರಲಿಲ್ಲ.

ನಮ್ಮವರೆಂದರೆ ಮಡಿವಾಳಪ್ಪ. ಮೋರಟಗಿಯಲ್ಲಿ ಹಿಟ್ಟಿನ ಗಿರಣಿ ನಮ್ಮದು. ಅವರ ಎದೆ ಕೆಟ್ಟದ್ದು ಇಂದು ನಿನ್ನೆಯಲ್ಲ. ಸಣ್ಣವರಿದ್ದಾಗ ಗಂಟಲು ನೋವು ಬಂದು, ಜ್ವರ ಬಂದು, ಅದರ ಬೆನ್ನಿಗೇ ಮೊಣಕಾಲು ಊದಿದವಂತೆ. ಬೆಳೆಯುವ ಹುಡುಗನಿಗೆ ಕಾಲು ನೋಯುವುದು ಇದ್ದದ್ದೇ ಎಂದು ಎಣ್ಣೆ ತಿಕ್ಕಿ ಬಿಟ್ಟರು. ಕಾಲು ನೆಟ್ಟಗಾದವು. ಆದರೆ ಆ ಬೇನೆ ಹೃದಯದೊಳಗಿನ ಒಂದು ಕವಾಟವನ್ನು ಹಾಳು ಮಾಡಿ ಹೋಗಿತ್ತು. ಅದು ನಮಗೆ ಗೊತ್ತಾದದ್ದು ಅವರಿಗೆ ನಲವತ್ತು ದಾಟಿದ ಮೇಲೆ, ಜೋಳದ ಚೀಲ ಎತ್ತಲು ಹೋಗಿ ದಮ್ಮು ಹತ್ತಿ ಗಿರಣಿಯ ಕಟ್ಟೆಯ ಮೇಲೆ ಕುಸಿದು ಕೂತಾಗ.

ಎರಡು ಸಾವಿರದ ಮೂರರ ಬೇಸಿಗೆಯಲ್ಲಿ ಬೆಳಗಾವಿಗೆ ಒಯ್ದು ಎದೆ ತೆರೆಸಿದೆವು. ಅಲ್ಲಿನ ಡಾಕ್ಟರು ನನ್ನನ್ನು ಕೂರಿಸಿಕೊಂಡು ಹೇಳಿದರು: "ಹೃದಯದಾಗ ನಾಕು ಬಾಗಲಾ ಇರ್ತಾವ್ರಿ. ರಕ್ತ ಮುಂದ ಹೋಗಬೇಕು, ಹಿಂದ ಬರಬಾರದು. ನಿಮ್ಮ ಯಜಮಾನ್ರದು ಒಂದು ಬಾಗಲಾ ಬಿಗದ ಹೋಗಿತ್ತು. ಅದನ್ನ ತಗದು ಲೋಹದ್ದು ಕುಂದರಿಸೇವಿ. ಆದ್ರ ಲೋಹಕ್ಕ ರಕ್ತ ಹತ್ತಿದ್ರ ಹೆಪ್ಪುಗಟ್ಟತೈತಿ. ಅದಕ್ಕ ಜೀವ ಇರೋತನಕ ರಕ್ತ ತೆಳು ಮಾಡೋ ಗುಳಿಗಿ ನುಂಗಬೇಕು. ಕೈ ಸೋತ್ರ, ಬಾಯಿ ವಾರಿ ಆದ್ರ, ಮಾತು ತೊದಲಿದ್ರ, ನಿಂತ ಕಾಲ ಮ್ಯಾಲ ದವಾಖಾನಿಗೆ ಬರ್ರಿ. ಒಂದು ಸಣ್ಣ ಹೆಪ್ಪು ತಲಿಗೆ ಹೋದ್ರ ಮುಗೀತು." ಹೂಂ ಹೂಂ ಎಂದು ತಲೆಯಾಡಿಸಿದೆ.

ಹೊರಡುವಾಗ ಇನ್ನೊಂದು ಮಾತು ಹೇಳಿದ್ದರು. ಹಸಿರು ತಪ್ಪಲು, ಅಂದರೆ ಸೊಪ್ಪು, ಈ ಗುಳಿಗೆಯ ಕೆಲಸ ಕೆಡಿಸುತ್ತದೆ, ಒಂದು ದಿನ ಹೆಚ್ಚು ಒಂದು ದಿನ ಕಡಿಮೆ ಆಗಬಾರದು, ದಿನಾ ಒಂದೇ ಅಳತೆಯಲ್ಲಿ ತಿನ್ನಲಿ ಎಂದು. ನನಗೆ ಒಂದು ಹೇಳಿದರೆ ಹತ್ತು ಮಾಡುವವಳು ನಾನು. ಅಳತೆ ಯಾರು ನೋಡುತ್ತ ಕೂರಬೇಕು, ಬಂದ್ ಮಾಡಿದರೆ ಮುಗಿಯಿತು ಎಂದು ಮೆಂತ್ಯ, ಪುಂಡಿ, ಪಾಲಕ, ರಾಜಗಿರಿ ಎಲ್ಲವನ್ನೂ ಅಡಿಗೆಮನೆಯಿಂದ ಹೊರಗೆ ಹಾಕಿದೆ. ನಮ್ಮ ಕಡೆ ಗಂಡಸಿನ ತಾಟಿನಲ್ಲಿ ರೊಟ್ಟಿಯ ಪಕ್ಕ ಹಸಿ ತಪ್ಪಲಿಲ್ಲದಿದ್ದರೆ ಅದು ಊಟವೇ ಅಲ್ಲ. ನಮ್ಮವರು ಎರಡು ದಿನ ಮುಖ ಊದಿಸಿಕೊಂಡರು. ಊದಿಸಿಕೊಳ್ಳಲಿ, ಜೀವ ಇದ್ದರೆ ತಾನೇ ಮುಖ ಎಂದು ನಾನು ಸುಮ್ಮನಿದ್ದೆ.

ಸುಮ್ಮನಿರದವಳು ರೇಣವ್ವ. ಅವಳ ಗಂಡನ ಮನೆಯೂ ನಮ್ಮೂರೇ, ಅವರ ಹೊಲವೂ ನಮ್ಮ ಹೊಲದ ಬದುವಿಗೇ ಇದೆ. ಅತ್ತೆ ಬೇಗ ತೀರಿಕೊಂಡದ್ದರಿಂದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು ಅವಳೇ. ದವಾಖಾನೆಯಿಂದ ಬಂದ ವಾರದಲ್ಲಿ ಪುಂಡಿ ಪಲ್ಯ ಮಾಡಿ ತಂದಳು. ನಾನು ಬಾಗಿಲಲ್ಲೇ ತಡೆದೆ.

"ಅಕ್ಕಾರ, ಇದು ಅವರಿಗೆ ನಡಿಯಂಗಿಲ್ರಿ. ವಾಪಸ್ ಒಯ್ರಿ."

"ನಾ ತುತ್ತು ಮಾಡಿ ತಿನಿಸಿ ಬೆಳಿಸಿದ ಹುಡುಗಗ ನನ್ನ ಪಲ್ಯ ನಡಿಯಂಗಿಲ್ಲೇನು?" ಎಂದಳು.

"ಡಾಕ್ಟರ್ ಹೇಳ್ಯಾರ್ರಿ."

"ಡಾಕ್ಟರ್ ಹೇಳ್ಯಾರೋ, ನೀ ಹೇಳೀಯೋ, ಆ ಶಿವಗ ಗೊತ್ತು."

ಬುಟ್ಟಿ ಎತ್ತಿಕೊಂಡು ಹೋದವಳು ಮತ್ತೆ ನಮ್ಮ ಹೊಸ್ತಿಲು ತುಳಿಯಲಿಲ್ಲ. ಹೋದರೆ ಹೋಗಲಿ, ಒಂದು ಪೀಡೆ ಕಳೆಯಿತು ಎಂದುಕೊಂಡೆ. ಸುಳ್ಳು ಯಾಕೆ ಹೇಳಲಿ, ಖುಷಿಯೇ ಆಗಿತ್ತು.

ಮಳೆಗಾಲ ಕಳೆಯುವವರೆಗೆ ಎಲ್ಲ ಸರಿಯಿತ್ತು. ತಿಂಗಳಿಗೊಮ್ಮೆ ಬಿಜಾಪುರಕ್ಕೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದೆವು. ರಕ್ತ ಎಷ್ಟು ತೆಳುವಾಗಿದೆ ಎಂದು ಹೇಳುವ, ಮೂರರ ಹತ್ತಿರ ಇರಬೇಕಾದ ಅಂಕಿ ಮೂರರ ಹತ್ತಿರವೇ ಇರುತ್ತಿತ್ತು. ದೀಪಾವಳಿ ಮುಗಿದ ಮೇಲೆ ಹೋದಾಗ ಒಂದೂವರೆಗೆ ಇಳಿದಿತ್ತು. ಡಾಕ್ಟರು ಕನ್ನಡಕ ತೆಗೆದು ನಮ್ಮವರನ್ನು ನೋಡಿದರು.

"ಗುಳಿಗಿ ದಿನಾ ತಗೊಳ್ಳಾಕತ್ತೀರೇನ್ರಿ?"

"ತಗೊಳ್ಳಾಕತ್ತೇನಿ."

"ಊಟದಾಗ ಏನರ ಬದಲಾಗೈತೇನು? ತಪ್ಪಲ, ಸೊಪ್ಪು?"

ಅದಕ್ಕೆ ನಾನೇ ಮುಂದಾಗಿ ಎದೆ ಉಬ್ಬಿಸಿ ಹೇಳಿದೆ: "ಮನ್ಯಾಗ ತಪ್ಪಲ ಅನ್ನೋ ಹೆಸರೇ ಇಲ್ರಿ ಸಾಹೇಬ್ರ. ನಾ ಒಂದು ಕೊತಂಬ್ರಿ ಕಡ್ಡಿ ಸುದ್ದಾ ಬಿಡಂಗಿಲ್ಲ." ನಮ್ಮವರು ಕಿಟಕಿಯಾಚೆ ನಿಂತಿದ್ದ ಟಾಂಗಾ ನೋಡುತ್ತಿದ್ದರು. ಡಾಕ್ಟರು ಗುಳಿಗೆ ಹೆಚ್ಚು ಮಾಡಿ ಕಳಿಸಿದರು.

ಸಿಂದಗಿಯ ಬಸ್ಸು ದೇವರ ಹಿಪ್ಪರಗಿ ದಾಟಿತು. ಆಮೇಲೆ ನಮ್ಮವರು ನನ್ನ ಕಡೆ ತಿರುಗದೆಯೇ ಕೇಳಿದರು: "ಗುಳಿಗಿ ನೀನ ತಗದು ಕೊಡ್ತಿ ಅಲ್ಲ? ಖರೇ ಗುಳಿಗೀನೇ ಕೊಡಾಕತ್ತೀಯೇನು?"

ನನಗೆ ಮೈಯೆಲ್ಲ ಉರಿದುಹೋಯಿತು. "ಇಲ್ಲ, ಸುಣ್ಣದ ಉಂಡಿ ಮಾಡಿ ಕೊಡಾಕತ್ತೇನಿ! ನೀವು ಹೋದ ಮ್ಯಾಲ ಗಿರಣಿ ಪಟ್ಟಾ ನಾ ಹಾಕ್ಕೊಂಡ ಕುಣೀತೇನಿ!" ಎಂದೆ. ಮುಂದಿನ ಸೀಟಿನವರು ಹಿಂದೆ ತಿರುಗಿ ನೋಡಿದರು. ನೋಡಿಕೊಳ್ಳಲಿ. ಅವತ್ತು ಸಂಜೆಯೇ ಗುಳಿಗೆಯ ಡಬ್ಬಿ ಗಿರಣಿಗೆ ಹೋಯಿತು, ಕೀಲಿ ಅವರ ಉಡದಾರಕ್ಕೆ ಹೋಯಿತು.

ಗುಳಿಗೆ ಅವರ ಕೈಲೇ ಇದ್ದೂ ಮುಂದಿನ ಸಲದ ಅಂಕಿ ಮೇಲೇಳಲಿಲ್ಲ. ಡಾಕ್ಟರು ಈ ಸಲ ಜಬರಿಸಿಯೇ ಕೇಳಿದರು: "ಈ ಡೋಜಿಗೆ ರಕ್ತ ತೆಳು ಆಗಲೇಬೇಕ್ರಿ. ನೀವು ಏನೋ ಮುಚ್ಚಿ ಇಡಾಕತ್ತೀರಿ. ನನಗ ಮುಚ್ಚಿಟ್ರ ನನಗೇನೂ ಆಗಂಗಿಲ್ಲ, ನೋಡ್ರಿ." ನಮ್ಮವರು ಔಷಧಿ ಅಂಗಡಿಯವನು ನಕಲಿ ಮಾಲು ಮಾರುತ್ತಾನೆ ಎಂದು ವಾದಿಸಿದರು. ಡಾಕ್ಟರು ಬೇರೆ ಅಂಗಡಿಯಿಂದ ತರಿಸಿಕೊಟ್ಟರು. ಅಷ್ಟಾದ ಮೇಲೆ ಸಂಶಯ ನನಗೆ ಹತ್ತಿತು. ಹೆಂಡತಿ ಮೋಸ ಮಾಡಿಲ್ಲ, ಅಂಗಡಿಯವನು ಮಾಡಿಲ್ಲ ಎಂದರೆ ಉಳಿದವರು ಯಾರು?

ನೋಡಲು ಶುರು ಮಾಡಿದ ಮೇಲೆ ಒಂದೊಂದೇ ಕಾಣತೊಡಗಿತು. ಮಧ್ಯಾಹ್ನ ಊಟಕ್ಕೆ ಬಂದರೆ ಅರ್ಧ ರೊಟ್ಟಿ ಮುರಿದು "ಹಸಿವಿಲ್ಲ" ಎಂದು ಏಳುವುದು. ಹಸಿವಿಲ್ಲದವನು ಹಾಸಿಗೆಯ ಮೇಲೆ ಉರುಳಿ ಗಡದ್ದಾಗಿ ತೇಗುವುದು. ತೇಗು ಎಂದರೆ ಅಂತಿಂಥ ತೇಗಲ್ಲ, ಬೀಗರ ಮನೆಯಲ್ಲಿ ಹೋಳಿಗೆ ಹೊಡೆದು ಬಂದವನ ತೇಗು. ಎಲ್ಲೋ ಉಂಡು ಬರುತ್ತಾರೆ. ಎಲ್ಲಿ? ಯಾರು ಬಡಿಸುತ್ತಾರೆ?

ಒಂದು ದಿನ ಓಣಿಯ ದಾವಲಬಿ ನನ್ನ ಕಟ್ಟೆಯ ಮೇಲೆ ಹಿಟ್ಟಿನ ಡಬ್ಬಿ ಇಳಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು.

"ಇಂದುಬಾಯಿ, ನಿಮ್ಮ ಗಿರಣಿಗೆ ಮಧ್ಯಾಹ್ನದಾಗ ಬರಬಾರದು ನೋಡವಾ. ದಿನಾ ಬಂದ್."

"ಬಂದ್? ಊಟಕ್ಕ ಬಂದಿರ್ತಾರಲ್ಲ ಆವಾಗ."

"ಊಟಕ್ಕ ಬರೋದಕ್ಕಿಂತ ಮೊದಲೇ ಬಂದ್ ಮಾಡ್ತಾರ. ತಲ್ಯಾಗಿನ ಹಿಟ್ಟು ಝಾಡಿಸಿಕೊಂಡು, ಮುಖ ತೊಳಕೊಂಡು, ಹೊಲದ ದಾರಿ ಹಿಡೀತಾರ." ಅವಳು ದನಿ ಇಳಿಸಿದಳು. "ನಾ ಏನೂ ಅನ್ನಂಗಿಲ್ಲವಾ. ಕಂಡದ್ದು ಹೇಳಿದೆ ಅಷ್ಟ."

ಏನೂ ಅನ್ನುವುದಿಲ್ಲ ಎಂದವಳು ಅನ್ನಬೇಕಾದ್ದೆಲ್ಲ ಅಂದು ಹೋಗಿದ್ದಳು. ಹದಿನೆಂಟು ವರ್ಷದಲ್ಲಿ ನನ್ನೆದುರು ಕೂರುವಾಗ ಒಮ್ಮೆಯೂ ತಲೆಯ ಹಿಟ್ಟು ಕೊಡವಿಕೊಳ್ಳದ ಗಂಡಸು ಈಗ ಮುಖ ತೊಳೆದುಕೊಂಡು ಹೋಗುತ್ತಾನಂತೆ! ನನಗೆ ಎಲ್ಲ ಸರಿಯಾಗಿ ಕೂತಿತು. ಯಾವಳೋ ಇದ್ದಾಳೆ. ಅವಳ ಮನೆಯಲ್ಲಿ ಉಣ್ಣುತ್ತಾರೆ, ಅಲ್ಲಿ ಕುಡಿಯುವುದೂ ಇರಬೇಕು, ಕುಡಿದು ಗುಳಿಗೆ ಬಿಡುತ್ತಿರಬೇಕು. ನಾನು ಇಲ್ಲಿ ಉಪ್ಪು ಖಾರ ಎಣಿಸಿ ಹಾಕಿ, ದೇವರಿಗೆ ಹರಕೆ ಹೊತ್ತು ಜೀವ ಉಳಿಸಲು ಒದ್ದಾಡುತ್ತಿದ್ದರೆ, ಅವರು ಆ ಜೀವವನ್ನು ಯಾವಳದೋ ಅಂಗಳದಲ್ಲಿ ಚೆಲ್ಲುತ್ತಿದ್ದಾರೆ. ಸಂಜೆ ಅಕ್ಕಿ ಆರಿಸುತ್ತ ಕೂತಾಗ ಅಳು ಬಂತು. ಸಾಯುತ್ತಾರೆ ಎನ್ನುವ ಅಂಜಿಕೆಯೋ, ಸಿಟ್ಟೋ, ನನಗೇ ಬಗೆಹರಿಯಲಿಲ್ಲ.

ಮರುದಿನ ಮಧ್ಯಾಹ್ನ ನಾನು ಹಿಂದೆ ಹೋದೆ. ಗಿರಣಿಯ ಶಬ್ದ ನಿಂತದ್ದೇ ತಡ, ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊರಟೆ. ಅವರು ದೂರದಲ್ಲಿ ಹೋಗುತ್ತಿದ್ದರು. ಯಾಕೋ ಬಲಗಾಲು ಒಂದಿಷ್ಟು ಎಳೆಯುತ್ತಿದ್ದಂತೆ ಕಂಡಿತು. ಚಪ್ಪಲಿಯ ಉಂಗುಷ್ಠ ಕಿತ್ತಿರಬೇಕು, ಒಳ್ಳೆಯದೇ ಆಯಿತು, ಎಡವಿ ಬೀಳಲಿ ಎಂದುಕೊಂಡೆ. ಹೊಲದಲ್ಲಿ ಬಿಳಿಜೋಳ ಆಳೆತ್ತರ ನಿಂತಿತ್ತು. ಅವರು ಬದು ದಾಟಿ ಬೇವಿನ ಗಿಡದ ಕಡೆ ತಿರುಗಿದರು. ನಾನು ಜೋಳದ ಸಾಲಿನಲ್ಲಿ ಹೊಕ್ಕು, ಎಲೆಗಳು ಮುಖ ಕೊಯ್ಯುತ್ತಿದ್ದರೂ ಸದ್ದು ಮಾಡದೆ ಮುಂದೆ ಸರಿದೆ.

ಗಿಡದ ಕೆಳಗೆ ಒಬ್ಬ ಹೆಂಗಸಿದ್ದಳು. ನನ್ನ ಕಡೆ ಬೆನ್ನು, ತಲೆಯ ತುಂಬ ಸೆರಗು. ನಮ್ಮವರು ಅವಳೆದುರು ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಅವಳು ತುತ್ತು ಮಾಡಿ ಅವರ ಬಾಯಿಗೆ ಇಡುತ್ತಿದ್ದಳು. ಅಯ್ಯ ಶಿವನೇ! ಎದೆ ತೆರೆಸಿಕೊಂಡು ಮಲಗಿದ್ದಾಗಲೂ ನನ್ನ ಕೈಯಿಂದ ಒಂದು ತುತ್ತು ತಿನ್ನದೆ, ಚಮಚೆ ಕೊಡು ನಾನೇ ತಿನ್ನುತ್ತೇನೆ ಎಂದಿದ್ದ ಮನುಷ್ಯ ಇಲ್ಲಿ ಎಳೆಮಗುವಿನ ಹಾಗೆ ಬಾಯಿ ತೆರೆಯುತ್ತಿದ್ದರು. ನನಗೆ ಮುಂದೇನೂ ಕಾಣಲಿಲ್ಲ.

"ಯಾವಾಕಿ ಆಕಿ? ಯಾವಾಕಿ ಅಂತೇನಿ!" ಎಂದು ಕಿರುಚುತ್ತ ಜೋಳ ಮುರಿದುಕೊಂಡು ಹೊರಗೆ ಬಂದೆ. "ಸಿಡ್ಲ ಹೊಡದ ಹೋಗಲಿ ನಿನ್ನ ಕೈಗೆ!"

ಹೆಂಗಸು ತಿರುಗಿದಳು. ರೇಣವ್ವ.

ನಾನು ಅಲ್ಲೇ ನಿಂತೆ. ಅವಳ ಮಡಿಲಲ್ಲಿ ಬುಟ್ಟಿ, ಬುಟ್ಟಿಯ ತುಂಬ ಹಸಿಯಾಗಿಯೇ ತಿನ್ನುವ ಹಕ್ಕರಕಿ ತಪ್ಪಲು, ಆಗತಾನೇ ಜೋಳದ ಸಾಲಿನಿಂದ ಕಿತ್ತದ್ದು. ಹಿಂಡಿ ಚಟ್ನಿ, ಮೊಸರು, ಒಂದರ ಮೇಲೊಂದು ರೊಟ್ಟಿ. ರೊಟ್ಟಿಗಿಂತ ಹಕ್ಕರಕಿಯೇ ಹೆಚ್ಚಿತ್ತು.

"ಹೊಡೀಲಿ," ಎಂದಳು ರೇಣವ್ವ. "ನೀ ಹಸಿವಿಲೇ ಕೊಲ್ಲಾಕತ್ತೀದಿ, ನಾ ತಿನಿಸಾಕತ್ತೇನಿ. ದೀಪಾವಳಿ ಆದಾಗಿಂದ ದಿನಾ ತಿನಿಸೇನಿ. ಒಂದು ಹಸಿರು ಎಲಿ ಕಾಣಸಲಾರದ ಮನ್ಯಾಗ ಮನಷ್ಯಾಗ ರಕ್ತ ಎಲ್ಲಿಂದ ಬರಬೇಕು? ಹೊಡೀಲಿ ಸಿಡ್ಲ, ನನ್ನ ತಮ್ಮ ಉಂಡ ಮ್ಯಾಲ ಹೊಡೀಲಿ."

ನಗು ಬರುವಂತಾಯಿತು ನನಗೆ. ಬೇರೆ ಯಾವಳೂ ಅಲ್ಲ! ಅಕ್ಕನ ಹತ್ತಿರ ಕದ್ದು ತಪ್ಪಲು ತಿನ್ನುವುದಕ್ಕೆ ಇಷ್ಟು ಕಳ್ಳತನ! "ಕೈ ಇಲ್ಲೇನ್ರಿ ನಿಮಗ? ಅಕ್ಕ ತಿನಿಸಬೇಕೇನು ಇಷ್ಟು ದೊಡ್ಡ ಕ್ವಾಣಗ?" ಎಂದೆ.

"ಕೈ ಜೋಮ ಹಿಡದೈತಂತ," ರೇಣವ್ವನೇ ಹೇಳಿದಳು. "ಮುಂಜಾನಿಂದ. ವಾಯು ಆಗಿರತೈತಿ, ತಿಕ್ಕೇನಿ."

ನಮ್ಮವರು ನನ್ನನ್ನು ನೋಡಿ ಏನೋ ಹೇಳಲು ಹೋದರು. ಮಾತಿನ ಬದಲು ಅಗಿದ ಎಲೆಯ ಚೂರು ಬಾಯಿಯ ಬಲಗಡೆಯಿಂದ ಜಾರಿ ಗದ್ದಕ್ಕೆ ಅಂಟಿತು. ಅದು ಅವರಿಗೆ ಗೊತ್ತೇ ಆಗಲಿಲ್ಲ. ಬಲಗೈ ತೊಡೆಯ ಮೇಲೆ ಬೇರೆ ಯಾರದೋ ಕೈಯ ಹಾಗೆ ಬಿದ್ದಿತ್ತು. ಬೆಳಗಾವಿಯ ಡಾಕ್ಟರು ಹೇಳಿದ್ದೆಲ್ಲ ನನ್ನ ಕಣ್ಣೆದುರು ಕೂತಿತ್ತು. ಕೈ ಸೋತಿತ್ತು, ಬಾಯಿ ವಾರೆಯಾಗಿತ್ತು.

"ಯವ್ವಾ! ಅಕ್ಕಾರ, ಇದು ವಾಯು ಅಲ್ರಿ!" ಎಂದು ಚೀರಿದೆ. ಬದುವಿನುದ್ದಕ್ಕೂ ಓಡಿ ರಸ್ತೆಗೆ ಬಂದು, ಎದುರು ಸಿಕ್ಕ ನಮ್ಮೂರ ನಬಿಲಾಲನ ಟಂಟಂ ಗಾಡಿಗೆ ಅಡ್ಡ ನಿಂತೆ. ಅವನು ಶೇಂಗಾ ಚೀಲಗಳನ್ನು ರಸ್ತೆಗೇ ಉರುಳಿಸಿ ನಮ್ಮವರನ್ನು ಹೊತ್ತು ತಂದು ಹಾಕಿಕೊಂಡ. ಸಿಂದಗಿಯಲ್ಲಿ ಜೀಪು ಹಿಡಿದೆವು. ದಾರಿಯುದ್ದಕ್ಕೂ ನಾನು ಅವರ ತಲೆ ಹಿಡಿದುಕೊಂಡಿದ್ದೆ, ರೇಣವ್ವ ಕಾಲು ಹಿಡಿದುಕೊಂಡಿದ್ದಳು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಬುಟ್ಟಿಯನ್ನು ಅವಳು ಮಡಿಲಿನಿಂದ ಇಳಿಸಿರಲಿಲ್ಲ.

ಬಿಜಾಪುರದಲ್ಲಿ ಒಳಗೆ ಒಯ್ದರು. ಸೂಜಿ, ನಳಿಕೆ, ಓಡಾಟ. ಲೋಹದ ಕವಾಟದ ಮೇಲೆ ಹೆಪ್ಪುಗಟ್ಟಿ, ಅದರ ಚೂರೊಂದು ತಲೆಗೆ ಹೋಗಿತ್ತು. ಜೀವಕ್ಕೆ ಅಪಾಯವಿಲ್ಲ ಎಂದು ಹೇಳಲು ಡಾಕ್ಟರಿಗೆ ಎರಡು ದಿನ ಬೇಕಾಯಿತು. ಆ ಎರಡು ದಿನ ನಾವಿಬ್ಬರೂ ಒಂದೇ ಬೆಂಚಿನ ಎರಡು ತುದಿಗೆ ಕೂತಿದ್ದೆವು.

ಮೂರನೆಯ ದಿನ ಅವರನ್ನು ನೋಡಲು ಬಿಟ್ಟರು. ನಾನು ನೀರು ತರಲು ಹೋಗಿ ಬರುವಷ್ಟರಲ್ಲಿ ರೇಣವ್ವ ಬುಟ್ಟಿ ತೆರೆದು, ಬಾಡಿದ ಹಕ್ಕರಕಿಯಲ್ಲಿ ಚೆನ್ನಾಗಿದ್ದ ನಾಲ್ಕು ಎಲೆ ಆರಿಸಿ, "ಎರಡು ಎಲಿ ತಿನ್ನೋ ತಮ್ಮಾ, ಶಕ್ತಿ ಬರತೈತಿ" ಎನ್ನುತ್ತಿದ್ದಳು. ಡಾಕ್ಟರು ಹಿಂದೆಯೇ ನಿಂತಿದ್ದರು. ಅವರು ಕೂಗಾಡಲಿಲ್ಲ. ಬುಟ್ಟಿಯನ್ನು ಕೈಗೆ ತೆಗೆದುಕೊಂಡು ನೋಡಿದರು.

"ದಿನಾ ಎಷ್ಟು ಕೊಡ್ತಿದ್ರಿ, ಅವ್ವಾರ?"

"ಬುಟ್ಟಿ ತುಂಬ ಕೊಡ್ತಿದ್ದೆ," ಎಂದಳು ರೇಣವ್ವ, ತಲೆ ಎತ್ತಿ.

"ಹಕ್ಕರಕಿ ಬಾಳ ಛಲೋ ತಪ್ಪಲ. ನಾನೂ ತಿಂತೇನಿ. ಆದ್ರ ಇದರಾಗ ರಕ್ತ ಹೆಪ್ಪುಗಟ್ಟಿಸೋ ಗುಣ ಐತ್ರಿ. ಇವರ ಗುಳಿಗಿ ತೆಳು ಮಾಡಾಕ ಜಗ್ಗತೈತಿ, ಈ ತಪ್ಪಲ ಹೆಪ್ಪು ಮಾಡಾಕ ಜಗ್ಗತೈತಿ. ನಾ ಗುಳಿಗಿ ಏರಿಸಿಕೋತ ಹೋದೆ, ನೀವು ತಪ್ಪಲ ತಿನಿಸಿಕೋತ ಹೋದ್ರಿ." ಆಮೇಲೆ ನನ್ನ ಕಡೆ ತಿರುಗಿದರು. "ಪೂರ್ತಿ ಬಂದ್ ಮಾಡ್ರಿ ಅಂತ ಯಾರು ಹೇಳಿದ್ರು? ದಿನಾ ಒಂದೇ ಅಳತಿ ಅಂತ ಹೇಳಿರಬೇಕು. ಒಂದು ಮುಷ್ಟಿ ಕೊಡ್ತಿದ್ರ ಅದಕ್ಕ ಸರಿಯಾಗಿ ಗುಳಿಗಿ ಇಡ್ತಿದ್ವಿ. ಇವರೂ ಕದ್ದು ತಿಂತಿರಲಿಲ್ಲ."

ರೇಣವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಇಂದೂ, ನೀ ಹೇಳಿಕೊಟ್ಟಿಯೇನ ಈ ಡಾಕ್ಟರಗ ಹಿಂಗ ಅನ್ನು ಅಂತ?"

ನಾನು ಉತ್ತರ ಕೊಡುವ ಮೊದಲೇ ಹಾಸಿಗೆಯ ಮೇಲಿದ್ದ ನಮ್ಮವರು ಎಡಗೈ ಎತ್ತಿದರು. ಬಾಯಿ ಇನ್ನೂ ಸರಿಯಾಗಿ ತಿರುಗುತ್ತಿರಲಿಲ್ಲ. ಒಂದೊಂದೇ ಅಕ್ಷರ ಕೂಡಿಸಿ ಹೇಳಿದರು: "ಇಲ್ಲಕ್ಕ. ನನಗ... ಗೊತ್ತಿತ್ತು. ಇಂದು ಹೇಳಿದ್ಲು... ಬ್ಯಾಡಂತ. ಎಲಿ ಏನು ಮಾಡೀತು... ಅಂದೆ. ನೀ ಕೊಟ್ಟಿದ್ದು... ಬ್ಯಾಡ ಅನ್ನಾಕ... ಬಾಯಿ ಬರಲಿಲ್ಲ."

ರೇಣವ್ವ ಬುಟ್ಟಿಯನ್ನು ಡಾಕ್ಟರ ಕೈಲೇ ಬಿಟ್ಟು ಹೊರಗೆ ಹೋದಳು. ಸಿಂದಗಿ ಬಸ್ಸು ಹತ್ತಿದಳಂತೆ. ನಾವು ಊರಿಗೆ ಬಂದ ಮೇಲೂ ನೋಡಲು ಬರಲಿಲ್ಲ. ಊರೆಲ್ಲ ಬಂದು ಹೋಯಿತು, ದಾವಲಬಿ ಎರಡು ಸಲ ಬಂದಳು, ಅವಳೊಬ್ಬಳು ಬರಲಿಲ್ಲ. ನಮ್ಮವರು ಬಾಗಿಲು ಸದ್ದಾದಾಗಲೆಲ್ಲ ಕತ್ತು ತಿರುಗಿಸುತ್ತಿದ್ದರು. ನಾನು ನೋಡಿಯೂ ನೋಡದಂತೆ ಇರುತ್ತಿದ್ದೆ. ಡಾಕ್ಟರು ದಿನಕ್ಕೊಂದು ಮುಷ್ಟಿ ತಪ್ಪಲು, ಅದಕ್ಕೆ ತಕ್ಕ ಗುಳಿಗೆ ಎಂದು ಗೊತ್ತು ಮಾಡಿದ್ದರು. ನಾನು ಸಂತೆಯ ಮೆಂತ್ಯ ಇಟ್ಟೆ. ಎರಡು ದಿನ ಮುಟ್ಟಿ ನೋಡಿ ಬಿಟ್ಟರು. "ತಿನ್ನದಿದ್ರ ರಕ್ತ ನೀರಾಗತೈತ್ರಿ ಈಗ," ಎಂದು ಬೈದೆ. ಗೋಡೆಯ ಕಡೆ ಹೊರಳಿದರು.

ಮೂರನೆಯ ಮುಂಜಾನೆ ನಾನೇ ರೇಣವ್ವನ ಹೊಲಕ್ಕೆ ಹೋದೆ. ಹಕ್ಕರಕಿಯ ಸಾಲಿಗೆ ಆಡು ಬಿಟ್ಟಿದ್ದಳು. ಆಡುಗಳು ಮುಕ್ಕಾಲು ಭಾಗ ಮೇಯ್ದು ಮುಗಿಸಿದ್ದವು. ಅವಳು ಬದುವಿನ ಮೇಲೆ ಕೂತು ನೋಡುತ್ತಿದ್ದಳು. ದವಾಖಾನೆಯಿಂದ ಎದ್ದು ಹೋದ ಮೇಲಿನ ನಾಲ್ಕು ವಾರದಲ್ಲಿ ಹತ್ತು ವರ್ಷ ಮುದುಕಿಯಾಗಿದ್ದಳು.

"ಒಂದು ಮುಷ್ಟಿ ಬೇಕ್ರಿ ಅಕ್ಕಾರ," ಎಂದೆ.

"ಬ್ಯಾಡ ನನ್ನವ್ವಾ. ಸಂತ್ಯಾಗ ತಗೋ."

"ಸಂತಿದು ಮುಟ್ಟವಲ್ರು."

ಅವಳು ಎದ್ದು ಆಡು ಓಡಿಸಿ, ಬಗ್ಗಿ, ಒಂದು ಎಲೆ ಕಿತ್ತು ನನ್ನ ಅಂಗೈಯಲ್ಲಿ ಇಟ್ಟಳು. "ಸಾಕೇನು?" ಎಂದಳು. ಇಲ್ಲ ಎಂದೆ. ಇನ್ನೊಂದು ಇಟ್ಟಳು. "ಸಾಕೇನು?" ಪ್ರತಿ ಎಲೆಗೂ ಕೇಳುತ್ತಿದ್ದಳು. ಒಂದು ಮುಷ್ಟಿ ಆಗಲು ಇನ್ನೂ ಬಹಳವಿತ್ತು. ಅಷ್ಟರಲ್ಲೇ ಕೈ ಹಿಂದಕ್ಕೆ ಎಳೆದುಕೊಂಡಳು.

"ನೀನ ಕಿತ್ಕೋ ಇಂದೂ. ನನ್ನ ಕೈ ಮ್ಯಾಲ ನನಗ ನಂಬಿಗಿ ಹೋಗೈತಿ."

ಹದಿನೆಂಟು ವರ್ಷ ಈ ಹೆಂಗಸಿನ ಬಾಯಿಂದ ಒಂದು ಸೋಲಿನ ಮಾತು ಕೇಳಬೇಕೆಂದು ಕಾದಿದ್ದವಳು ನಾನು. ಕೇಳಿದ ಮೇಲೆ ಅದು ಬೇಡವಾಗಿತ್ತು ಅನಿಸಿತು. ಉಳಿದ ಎಲೆಗಳನ್ನು ನಾನೇ ಕಿತ್ತು, ಅವಳ ರಟ್ಟೆ ಹಿಡಿದು ಎಬ್ಬಿಸಿದೆ. ಬರುವುದಿಲ್ಲ ಎಂದು ಜಗ್ಗಿದಳು. ನಾನೂ ಬಿಡಲಿಲ್ಲ. ಓಣಿಯ ಮಂದಿ ಜಗಳವೆಂದೇ ತಿಳಿದರು.

ಮನೆಯಲ್ಲಿ ನಮ್ಮವರ ಮುಂದೆ ಅವಳನ್ನು ಕೂರಿಸಿ, ತಾಟಿನಲ್ಲಿ ರೊಟ್ಟಿಯಿಟ್ಟು, ಪಕ್ಕಕ್ಕೆ ಆ ಒಂದು ಮುಷ್ಟಿ ಹಕ್ಕರಕಿ ಇಟ್ಟೆ. ಅವಳು ರೊಟ್ಟಿ ಮುರಿದು, ಎಲೆ ಮಡಚಿ ತುತ್ತು ಮಾಡಿದಳು. ಕೈ ಅರ್ಧಕ್ಕೆ ಹೋಗಿ ನಿಂತಿತು. ನಮ್ಮವರು ಬಾಯಿ ತೆರೆದುಕೊಂಡು ಕಾಯುತ್ತಿದ್ದರು. ಅವಳು ಅವರನ್ನು ಬಿಟ್ಟು ನನ್ನನ್ನು ನೋಡಿದಳು.

"ಕೊಡ್ರಿ ಅಕ್ಕಾರ," ಎಂದೆ. "ಅಳತಿ ನಾ ನೋಡೇನಿ."

ಅವಳು ತುತ್ತು ಇಟ್ಟಳು. ನಮ್ಮವರು ನಿಧಾನವಾಗಿ ಅಗಿದು ನುಂಗಿ, ಮತ್ತೆ ಬಾಯಿ ತೆರೆದರು.